ಫಿಲಿಪ್ಪೀನ್ಸ್‌ನಲ್ಲಿ ಉಪದೇಶಿಗಳು ತಯಾರಾಗುವ ಬಗೆ

ಫಿಲಿಪ್ಪೀನ್ಸ್‌ನಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮಪಾಠ ಹೇಳುವವರು ಎರಡು ಬಗೆಯವರು. ಚರ್ಚ್ ಸಂಸ್ಥೆಗಳು ನಡೆಸುವ ಖಾಸಗಿ ಶಾಲೆಗಳಲ್ಲಿ ಗಣಿತ, ವಿಜ್ಞಾನದ ಹಾಗೆ ಧರ್ಮವೂ ವೇಳಾಪಟ್ಟಿಯೊಳಗಿನ ವಿಷಯ. ಅದನ್ನು ಕಲಿಸುವವರು ಪದವಿ ಪಡೆದ, ತಿಂಗಳ ಸಂಬಳದ ಶಿಕ್ಷಕರು. ಎರಡನೆಯವರು ‘ಕತೆಕಿಸ್ತ’ ಎಂದು ಊರವರು ಕರೆಯುವ ಉಪದೇಶಿಗಳು. ಇವರು ಧರ್ಮಕೇಂದ್ರದ ಪಾದ್ರಿಯ ಕೈಕೆಳಗೆ ದುಡಿಯುವವರು. ಸರ್ಕಾರಿ ಶಾಲೆಗೆ ವಾರಕ್ಕೊಂದು ಸಲ ಹೋಗಿ ಪಾಠ ಮಾಡುವುದು, ಮೊದಲ ಪರಮಪ್ರಸಾದಕ್ಕೆ ಮಕ್ಕಳನ್ನು ಅಣಿಗೊಳಿಸುವುದು, ದೀಕ್ಷಾಸ್ನಾನಕ್ಕೆ ಮುಂಚೆ ತಂದೆತಾಯಿಗೂ ಜ್ಞಾನ ತಂದೆತಾಯಿಗೂ ತಿಳಿಹೇಳುವುದು, ಮದುವೆಯಾಗುವ ಜೋಡಿಗಳ ಶಿಬಿರದಲ್ಲಿ ಕೈಜೋಡಿಸುವುದು ಇವರ ಕೆಲಸ. ಇವರಲ್ಲಿ ಹೆಚ್ಚಿನವರು ಹೆಂಗಸರು. ಕೆಲವರಿಗೆ ಅಲ್ಪಸ್ವಲ್ಪ ಗೌರವಧನ ಸಿಗುತ್ತದೆ, ಹಲವರಿಗೆ ಅದೂ ಇಲ್ಲ.

2020ರ ಜನಗಣತಿಯಂತೆ ಆ ದೇಶದಲ್ಲಿ 8.56 ಕೋಟಿ ಜನ ರೋಮನ್ ಕಥೋಲಿಕರು, ಅಂದರೆ ಜನಸಂಖ್ಯೆಯ ಶೇಕಡಾ 78.8. ಅವರ ಮಕ್ಕಳಲ್ಲಿ ಬಹುಪಾಲು ಓದುವುದು ಸರ್ಕಾರಿ ಶಾಲೆಗಳಲ್ಲಿ. ಹೀಗಾಗಿ ಹೊರೆಯ ದೊಡ್ಡ ಪಾಲು ಬೀಳುವುದು ಎರಡನೆಯ ಬಗೆಯವರ ಮೇಲೆ. ಆದರೆ ವ್ಯವಸ್ಥಿತವಾದ, ವರ್ಷಗಟ್ಟಲೆ ನಡೆಯುವ ತರಬೇತಿ ಸಿಗುವುದು ಮೊದಲನೆಯವರಿಗೆ. ಫಿಲಿಪ್ಪೀನ್ಸ್‌ನ ಧರ್ಮಬೋಧನೆಯ ಹಲವು ತೊಡಕುಗಳ ಹಿಂದೆ ಈ ತಲೆಕೆಳಗಾದ ಲೆಕ್ಕವಿದೆ. ಅದು ಹೇಗೆ ಬಂತೆಂದು ತಿಳಿಯಲು ಹಿಂದಕ್ಕೆ ಹೋಗಬೇಕು.

1565ರಲ್ಲಿ ಸ್ಪೇನ್‌ನ ದಂಡನಾಯಕ ಲೆಗಾಸ್ಪಿಯ ಹಡಗುಗಳ ಜತೆ ಬಂದ ಆಗಸ್ಟೀನಿಯನ್ ಸಂನ್ಯಾಸಿಗಳಿಂದ ಹಿಡಿದು ಫ್ರಾನ್ಸಿಸ್ಕನ್, ಜೆಸ್ವಿಟ್, ಡೊಮಿನಿಕನ್ ಸಭೆಯವರೆಗೆ ಬಂದವರೆಲ್ಲ ಬೆರಳೆಣಿಕೆಯಷ್ಟು ಜನ, ದ್ವೀಪಗಳು ಸಾವಿರಾರು. 1582ರಲ್ಲಿ ಸೇರಿದ ಮನಿಲಾ ಸಭೆ, ಧರ್ಮವನ್ನು ಸ್ಪ್ಯಾನಿಷ್‌ನಲ್ಲಿ ಅಲ್ಲ, ಅಲ್ಲಲ್ಲಿಯ ಜನರ ಭಾಷೆಯಲ್ಲೇ ಕಲಿಸಬೇಕೆಂದು ತೀರ್ಮಾನಿಸಿತು. 1593ರಲ್ಲಿ ಮನಿಲಾದಲ್ಲಿ ಮರದ ಅಚ್ಚಿನಿಂದ ಮುದ್ರಣವಾದ ‘ದೊಕ್ತ್ರಿನಾ ಕ್ರಿಸ್ತಿಯಾನಾ’ ಆ ತೀರ್ಮಾನದ ಫಲ. ಸ್ಪ್ಯಾನಿಷ್ ಪಾಠದ ಜತೆ ತಗಾಲಾಗ್ ಪಾಠವನ್ನು ರೋಮನ್ ಲಿಪಿಯಲ್ಲೂ ಊರಿನ ಹಳೆಯ ‘ಬಾಯ್‌ಬಾಯಿನ್’ ಲಿಪಿಯಲ್ಲೂ ಕೊಟ್ಟ ಪುಸ್ತಕವದು. ಈಗ ಉಳಿದಿರುವುದು ಒಂದೇ ಪ್ರತಿ, ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಪುಸ್ತಕ ಇದ್ದರೂ ಓದಿ ಹೇಳುವವರು ಬೇಕಲ್ಲ. ಸಂನ್ಯಾಸಿಗಳು ಚುರುಕಾದ ಹುಡುಗರನ್ನು ಆರಿಸಿ, ತಮ್ಮ ಬಳಿ ಇಟ್ಟುಕೊಂಡು, ಪ್ರಾರ್ಥನೆ ಮತ್ತು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿ, ಹಳ್ಳಿಗಳಿಗೆ ಕಳಿಸತೊಡಗಿದರು. ವಿಸಾಯಾಸ್ ದ್ವೀಪಗಳ ಪೆದ್ರೊ ಕಲುಂಗ್ಸೋದ್ ಅಂಥವನೊಬ್ಬ. ಜೆಸ್ವಿಟ್ ಪಾದ್ರಿ ದಿಯೆಗೊ ದೆ ಸಾನ್ ವಿತೋರೆಸ್ ಅವರ ಜತೆ 1668ರಲ್ಲಿ ಮರಿಯಾನಾ ದ್ವೀಪಗಳಿಗೆ ಹೋದ ಈ ಹುಡುಗ 1672ರ ಏಪ್ರಿಲ್ 2ರಂದು ಗುವಾಮ್‌ನಲ್ಲಿ ಪಾದ್ರಿಯೊಂದಿಗೇ ಕೊಲೆಯಾದ. ಆಗ ಅವನಿಗೆ ಹದಿನೇಳರ ಆಸುಪಾಸು. 2012ರ ಅಕ್ಟೋಬರ್ 21ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವನನ್ನು ಸಂತನೆಂದು ಸಾರಿದರು. ಇಂದು ಫಿಲಿಪ್ಪೀನ್ಸ್‌ನ ಉಪದೇಶಿಗಳು ತಮ್ಮವನೆಂದು ಹೇಳಿಕೊಳ್ಳುವ ಸಂತ ಈತ.

ಹೆಣ್ಣುಮಕ್ಕಳ ಕಡೆಯಿಂದ ಇನ್ನೊಂದು ಎಳೆ ಬರುತ್ತದೆ. ಇಗ್ನಾಸಿಯಾ ದೆಲ್ ಎಸ್ಪಿರಿತು ಸಾಂತೊ ಎಂಬಾಕೆ 1684ರಲ್ಲಿ ಮನಿಲಾದಲ್ಲಿ ಕಟ್ಟಿದ ಹೆಂಗಸರ ಕೂಟ ಹುಡುಗಿಯರಿಗೆ ಓದುಬರಹ, ಹೊಲಿಗೆಯ ಜತೆ ಧರ್ಮಪಾಠವನ್ನೂ ಕಲಿಸುತ್ತಿತ್ತು. ಮುಂದೆ ಅದೇ ‘ಕನ್ಯೆ ಮರಿಯಳ ಸಹೋದರಿಯರು’ ಎಂಬ ಸಭೆಯಾಗಿ ಬೆಳೆದು, ದೇಶದ ಉದ್ದಗಲಕ್ಕೂ ಶಾಲೆಗಳನ್ನು ನಡೆಸಿತು. ಇಂದಿನ ಉಪದೇಶಿಗಳಲ್ಲಿ ಹೆಂಗಸರೇ ಹೆಚ್ಚಿರುವುದನ್ನು ಕಂಡು ಹೊಸ ಬೆಳವಣಿಗೆ ಎನ್ನುವವರು ಈ ಮುನ್ನೂರು ವರ್ಷಗಳನ್ನು ಮರೆತಿರುತ್ತಾರೆ.

ಸ್ಪೇನ್‌ನ ಆಳ್ವಿಕೆಯಲ್ಲಿ ಶಾಲೆ ಮತ್ತು ಚರ್ಚ್ ಬೇರೆಬೇರೆ ಆಗಿರಲಿಲ್ಲ. ಅಮೆರಿಕನ್ನರು ಬಂದ ಮೇಲೆ ನಡುವೆ ಗೋಡೆ ಎದ್ದಿತು. 1901ರ ಜನವರಿಯಲ್ಲಿ ಬಂದ 74ನೇ ಕಾಯಿದೆ ಉಚಿತ ಸರ್ಕಾರಿ ಶಾಲೆಗಳನ್ನು ತೆರೆಯಿತು. ಅದರ 16ನೇ ಕಲಮು ಆ ಶಾಲೆಯ ಶಿಕ್ಷಕರು ಧರ್ಮ ಕಲಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿತು. ಆದರೆ ಒಂದು ಸಂದು ಬಿಟ್ಟಿತು. ತಂದೆತಾಯಿ ಬರೆದುಕೊಟ್ಟರೆ, ಊರಿನ ಪಾದ್ರಿ ಇಲ್ಲವೇ ಅವರು ಗೊತ್ತುಮಾಡಿದ ಬೋಧಕರು ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ, ಶಾಲೆಯ ಕಟ್ಟಡದಲ್ಲೇ ಧರ್ಮಪಾಠ ಮಾಡಬಹುದು. ಇಂದಿನ ಉಪದೇಶಿಯ ಹುದ್ದೆ ಹುಟ್ಟಿದ್ದು ಬಹುಮಟ್ಟಿಗೆ ಈ ಕಲಮಿನಿಂದ. 1935ರ ಸಂವಿಧಾನ ಅದನ್ನು ಉಳಿಸಿಕೊಂಡಿತು. ಈಗ ಜಾರಿಯಲ್ಲಿರುವ 1987ರ ಸಂವಿಧಾನದ 14ನೇ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾಠ ಮಾಮೂಲು ತರಗತಿಯ ವೇಳೆಯಲ್ಲೇ ನಡೆಯಬಹುದು ಎಂದಿತು. ಜತೆಗೆ ಮೂರು ಷರತ್ತು: ಪೋಷಕರ ಲಿಖಿತ ಒಪ್ಪಿಗೆ ಇರಬೇಕು, ಬೋಧಕರನ್ನು ಆಯಾ ಧರ್ಮದ ಹಿರಿಯರು ಗೊತ್ತುಮಾಡಿರಬೇಕು ಅಥವಾ ಒಪ್ಪಿರಬೇಕು, ಸರ್ಕಾರಕ್ಕೆ ಹೆಚ್ಚಿನ ಖರ್ಚು ಬರಬಾರದು.

ಮೂರನೆಯ ಷರತ್ತು ನೋಡಲು ಸಣ್ಣದು. ಆದರೆ ಉಪದೇಶಿ ಯಾರು, ಅವಳ ವಯಸ್ಸೆಷ್ಟು, ಅವಳು ಎಷ್ಟು ದಿನ ತರಬೇತಿಗೆ ಬರಬಲ್ಲಳು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಬಾಗಿಲು ತೆರೆದಿದೆ, ಸಂಬಳ ಹೊರಗೆ ಉಳಿದಿದೆ. ಧರ್ಮಕೇಂದ್ರದ ಬಳಿ ದುಡ್ಡಿದ್ದರೆ ಪೂರ್ಣಾವಧಿ ಉಪದೇಶಿಗಳನ್ನು ಇಟ್ಟುಕೊಳ್ಳಬಹುದು. ಮನಿಲಾದ ಅನುಕೂಲಸ್ಥ ಬಡಾವಣೆಯ ಚರ್ಚ್‌ಗೆ ಅದು ಸಾಧ್ಯ. ಮೀನುಗಾರರ ದ್ವೀಪದ ಚರ್ಚ್‌ಗೆ ಆಗದು. ಅಲ್ಲಿ ಮುಂದೆ ಬರುವವರು ನಿವೃತ್ತ ಶಾಲಾ ಶಿಕ್ಷಕಿಯರು, ಮಕ್ಕಳು ದೊಡ್ಡವರಾಗಿ ಮನೆಗೆಲಸ ಹಗುರಾದ ಗೃಹಿಣಿಯರು, ಬೆಳಗ್ಗೆ ತರಕಾರಿ ಮಾರಿ ಮಧ್ಯಾಹ್ನ ಬಿಡುವಾಗುವ ತಾಯಂದಿರು. ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಆಸಕ್ತಿಯಿಂದ ಬಂದರೂ ಕೆಲಸ ಸಿಕ್ಕಿದ ಮೇಲೆ ಅವಳು ನಿಲ್ಲುವುದು ಕಷ್ಟ.

ಶಾಲೆಯೊಳಗಿನ ಅವರ ಸ್ಥಿತಿಯೂ ನಾಜೂಕು. ವರ್ಷದ ಆರಂಭದಲ್ಲಿ ಒಪ್ಪಿಗೆ ಪತ್ರಗಳನ್ನು ಮನೆಮನೆಗೆ ಕಳಿಸಿ, ಸಹಿ ಮಾಡಿಸಿ, ಒಟ್ಟುಮಾಡಿ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕು. ಮುಖ್ಯೋಪಾಧ್ಯಾಯರಿಗೆ ಮನಸ್ಸಿದ್ದರೆ ಒಳ್ಳೆಯ ಅವಧಿ ಸಿಗುತ್ತದೆ, ಇಲ್ಲದಿದ್ದರೆ ಊಟದ ಬಿಡುವಿಗೆ ಅಂಟಿಕೊಂಡ ಅವಧಿ. ಪರೀಕ್ಷೆ, ಕ್ರೀಡಾಕೂಟ, ಚಂಡಮಾರುತ ಯಾವುದು ಬಂದರೂ ಮೊದಲು ರದ್ದಾಗುವುದು ಧರ್ಮಪಾಠವೇ. ತರಗತಿಯಲ್ಲಿ ನಲವತ್ತು, ಐವತ್ತು ಮಕ್ಕಳು. ಉಪದೇಶಿಯ ಚೀಲದಲ್ಲಿ ಮಡಚಿದ ಕಂದು ಬಣ್ಣದ ಮನಿಲಾ ಪೇಪರ್ ಹಾಳೆಗಳು, ದಪ್ಪ ಮಾರ್ಕರ್, ಅಂಟುಪಟ್ಟಿ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರಗಳು. ಪಾಠದ ಸಾರವನ್ನು ಹಿಂದಿನ ರಾತ್ರಿಯೇ ಹಾಳೆಯ ಮೇಲೆ ಬರೆದಿಟ್ಟು ತಂದು, ಹಲಗೆಗೆ ಅಂಟಿಸಿ, ಅವಧಿ ಮುಗಿದೊಡನೆ ಕಿತ್ತು ಮುಂದಿನ ತರಗತಿಗೆ ಒಯ್ಯುತ್ತಾಳೆ. ಆ ಹಾಳೆಯ ಮೇಲೆ ಏನು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕು ಎಂಬುದೇ ತರಬೇತಿಯ ತಿರುಳು.

ಇಪ್ಪತ್ತನೇ ಶತಮಾನದ ನಡುವಿನವರೆಗೆ ಆ ಕ್ರಮ ಸರಳವಾಗಿತ್ತು: ಪ್ರಶ್ನೆ, ಉತ್ತರ, ಬಾಯಿಪಾಠ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಯೊಹಾನೆಸ್ ಹೋಫಿಂಗರ್ ಎಂಬ ಆಸ್ಟ್ರಿಯಾದ ಜೆಸ್ವಿಟ್. ಚೀನಾದಲ್ಲಿ ಪಾಠ ಹೇಳುತ್ತಿದ್ದ ಅವರು ಅಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾಗ ಮನಿಲಾಕ್ಕೆ ಬಂದು, 1953ರಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಅದು ಪೂರ್ವ ಏಷ್ಯಾ ಪಾಲನಾ ಸಂಸ್ಥೆ ಎಂಬ ಹೆಸರು ಪಡೆದು, ಕ್ವೆಜಾನ್ ಸಿಟಿಯ ಅತೆನೆಯೊ ವಿಶ್ವವಿದ್ಯಾಲಯದ ಆವರಣದಲ್ಲಿ ನೆಲೆಗೊಂಡಿತು. ಧರ್ಮವೆಂದರೆ ಕಲಮುಗಳ ಪಟ್ಟಿಯಲ್ಲ, ಒಂದು ಶುಭವಾರ್ತೆ. ಅದನ್ನು ಕಥೆಯಾಗಿ ಹೇಳಬೇಕು ಎಂಬುದು ಹೋಫಿಂಗರ್ ವಾದ. 1960ರಲ್ಲಿ ಜರ್ಮನಿಯ ಐಖ್‌ಷ್ಟೆಟ್‌ನಲ್ಲಿ ಅವರು ಸೇರಿಸಿದ ಅಂತರರಾಷ್ಟ್ರೀಯ ಅಧ್ಯಯನ ಸಪ್ತಾಹದಿಂದ ಈ ಮಾತು ಜಗತ್ತಿಗೆ ಹರಡಿತು. 1962ರ ಬ್ಯಾಂಕಾಕ್ ಮತ್ತು 1967ರ ಮನಿಲಾ ಸಪ್ತಾಹಗಳು ಇನ್ನೊಂದು ಪ್ರಶ್ನೆ ಎತ್ತಿದವು: ಕಥೆ ಕೇಳುವವನ ಬದುಕು ಎಂಥದು? ಅದನ್ನು ಅರಿಯದೆ ಹೇಳಿದ ಕಥೆ ಯಾರ ಕಿವಿಗೆ? ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಶುರುವಾದದ್ದೂ ಇದೇ ದಶಕದಲ್ಲಿ, ಇದೇ ಗಾಳಿ ಬೀಸುತ್ತಿದ್ದಾಗ.

ಫಿಲಿಪ್ಪೀನ್ಸ್‌ಗೆ ಸಂಬಂಧಿಸಿ ಆ ಪ್ರಶ್ನೆಗೆ ಮೊನಚಾದ ಉತ್ತರ ಕೊಟ್ಟವರು ಮನಶ್ಶಾಸ್ತ್ರಜ್ಞರೂ ಜೆಸ್ವಿಟ್ ಪಾದ್ರಿಯೂ ಆಗಿದ್ದ ಹೈಮೆ ಬುಲತಾವ್. 1966ರ ಅವರ ಪ್ರಬಂಧ ಅಲ್ಲಿನ ಧರ್ಮಾಚರಣೆಯನ್ನು ಎರಡು ಅಂತಸ್ತಿನದೆಂದು ಬಣ್ಣಿಸಿತು. ಮೇಲಿನ ಅಂತಸ್ತಿನಲ್ಲಿ ಶಾಲೆಯಲ್ಲಿ ಕಲಿತ ಸಿದ್ಧಾಂತ. ಕೆಳಗಿನದರಲ್ಲಿ ಮನೆ, ಬೀದಿ, ಕಚೇರಿಯ ನಡವಳಿಕೆ. ಎರಡಕ್ಕೂ ನಡುವೆ ಮೆಟ್ಟಿಲಿಲ್ಲ, ಅದು ಇಲ್ಲವೆಂಬ ಅಳುಕೂ ಇಲ್ಲ. ಭಾನುವಾರ ಬಲಿಪೂಜೆ ತಪ್ಪಿಸದವನು ಸೋಮವಾರ ಮೇಜಿನ ಕೆಳಗೆ ಕೈಚಾಚಬಲ್ಲ. ಅಂದಿನಿಂದ ಇಂದಿನವರೆಗೆ ಅಲ್ಲಿನ ತರಬೇತಿ ಶಿಬಿರಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ.

1991ರ ಜನವರಿ 20ರಿಂದ ಫೆಬ್ರವರಿ 17ರವರೆಗೆ ಸೇರಿದ ಫಿಲಿಪ್ಪೀನ್ಸ್ ಚರ್ಚ್‌ನ ಎರಡನೆಯ ಮಹಾಸಭೆ ಧರ್ಮೋಪದೇಶದ ನವೀಕರಣವನ್ನು ಮೊದಲ ಕೆಲಸಗಳಲ್ಲಿ ಒಂದಾಗಿ ಎತ್ತಿಕೊಂಡು, ದೇಶದ್ದೇ ಆದ ಧರ್ಮಬೋಧಿನಿ ಬೇಕೆಂದಿತು. ಅದರಂತೆ 1997ರಲ್ಲಿ ‘ಫಿಲಿಪ್ಪೀನೊ ಕಥೋಲಿಕರ ಧರ್ಮಬೋಧಿನಿ’ ಹೊರಬಂತು. ಧರ್ಮಶಿಕ್ಷಕರಿಗೂ ಉಪದೇಶಿಗಳಿಗೂ ಇದೇ ಆಧಾರ ಗ್ರಂಥ. ಅದರ ಕಟ್ಟಡಕ್ಕೆ ಮೂರು ಕಂಬ: ಸಿದ್ಧಾಂತ, ನೀತಿ, ಆರಾಧನೆ. ಯಾವ ಪಾಠವೇ ಆಗಲಿ ಮೂರನ್ನೂ ಮುಟ್ಟಬೇಕು. ಮುಟ್ಟದಿದ್ದರೆ ಬುಲತಾವ್ ಹೇಳಿದ ಎರಡು ಅಂತಸ್ತು ಹಾಗೆಯೇ ಉಳಿಯುತ್ತದೆ. ಗ್ರಂಥದ ಆರಂಭದಲ್ಲೇ ಫಿಲಿಪ್ಪೀನೊ ಜನರ ಐದು ಸ್ವಭಾವಗಳನ್ನು ಗುರುತಿಸಿ, ಪ್ರತಿಯೊಂದರಿಂದಲೂ ಕ್ರಿಸ್ತನ ಕಡೆಗೆ ದಾರಿ ಹಾಕಲಾಗಿದೆ. ಅವರು ಕುಟುಂಬಕ್ಕೆ ಕಟ್ಟುಬಿದ್ದವರು, ಕ್ರಿಸ್ತ ತಂದೆಯ ಮಗ, ಮರಿಯಳ ಮಗ. ಕೂಡಿ ಉಣ್ಣುವುದರಲ್ಲಿ ಸುಖ ಕಾಣುವವರು, ಕ್ರಿಸ್ತ ಜೀವದ ರೊಟ್ಟಿ. ‘ಕುಂದಿಮಾನ್’ ಎಂಬ ವಿರಹದ ಹಾಡಿಗೆ ಕರಗುವವರು, ಕ್ರಿಸ್ತ ನೋವುಂಡ ಸೇವಕ. ವೀರರನ್ನು ಆರಾಧಿಸುವವರು, ಕ್ರಿಸ್ತ ರಾಜ. ಕಾಣದ ಶಕ್ತಿಗಳನ್ನು ನಂಬುವವರು, ಕ್ರಿಸ್ತ ಪವಿತ್ರಾತ್ಮನನ್ನು ಕೊಡುವವನು. ಒಂದು ಇಡೀ ಜನತೆಯನ್ನು ಐದು ಗುಣಕ್ಕೆ ಇಳಿಸುವುದು ಜಾಳು ಕೆಲಸವೇ. ಆದರೂ ಹಾಳೆ ಮತ್ತು ಮಾರ್ಕರ್ ಹಿಡಿದು ನಿಂತ ಉಪದೇಶಿಗೆ ಪಾಠ ಎಲ್ಲಿಂದ ಶುರುಮಾಡಬೇಕೆಂಬ ಹಿಡಿ ಇದರಿಂದ ಸಿಕ್ಕಿತು.

ಮಾದರಿಗೆ ಮೂರನೆಯ ತರಗತಿಗೆ ಪರಮಪ್ರಸಾದದ ಪಾಠ ತೆಗೆದುಕೊಳ್ಳಬಹುದು. ಹಳೆಯ ರೀತಿಯಲ್ಲಿ ಮೊದಲ ವಾಕ್ಯವೇ ವ್ಯಾಖ್ಯೆ. ಹೊಸ ರೀತಿಯಲ್ಲಿ ಉಪದೇಶಿ ಮಕ್ಕಳನ್ನು ಕೇಳುವುದು, ಊರ ಹಬ್ಬದ ದಿನ ನಿಮ್ಮ ಮನೆಗೆ ಯಾರ್‍ಯಾರು ಊಟಕ್ಕೆ ಬರುತ್ತಾರೆ ಎಂದು. ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು, ಗುರುತೇ ಇಲ್ಲದವರು ಎಂದು ಮಕ್ಕಳು ಕೂಗುತ್ತಾರೆ. ಮುನಿಸಿಕೊಂಡವರೂ ಬರುತ್ತಾರೆಯೇ? ಇಲ್ಲಿ ತರಗತಿ ಒಂದು ಕ್ಷಣ ತಡೆಯುತ್ತದೆ. ಅಲ್ಲಿಂದ ಕೊನೆಯ ಭೋಜನದ ಕಥೆಗೆ ಹೊರಳುವುದು, ಶುಭಸಂದೇಶದ ಭಾಗವನ್ನು ನಿಧಾನವಾಗಿ ಓದುವುದು, ಚರ್ಚ್ ನಂಬುವುದೇನೆಂದು ಒಂದೆರಡು ವಾಕ್ಯದಲ್ಲಿ ಹೇಳುವುದು. ಆಮೇಲೆ ನೀತಿ: ಈ ವಾರ ಯಾರ ಜತೆ ರಾಜಿಯಾಗಬೇಕು? ಕೊನೆಗೆ ಆರಾಧನೆ: ಕೈಸನ್ನೆಯ ಹಾಡು, ಕಣ್ಣು ಮುಚ್ಚಿ ಸಣ್ಣ ಪ್ರಾರ್ಥನೆ. ಇದೆಲ್ಲ ಅರ್ಧ, ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಶಿಬಿರದಲ್ಲಿ ಪ್ರತಿಯೊಬ್ಬರೂ ಜತೆಯವರ ಎದುರು ಇಂಥ ಮಾದರಿ ಪಾಠ ಮಾಡಿ ತೋರಿಸಬೇಕು, ಅಲ್ಲಿ ‘ಡೆಮೊ’ ಎನ್ನುತ್ತಾರೆ. ಹೊಸಬರು ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ: ಹಬ್ಬದೂಟದ ಮಾತಿನಲ್ಲೇ ಅವಧಿ ಕಳೆದುಬಿಡುವುದು. ಅನುಭವಿಗಳ ತಪ್ಪು ಅದರ ತಿರುವು: ಮಕ್ಕಳ ಉತ್ತರಕ್ಕೆ ಕಾಯದೆ ಸಿದ್ಧಾಂತಕ್ಕೆ ಹಾರುವುದು.

ಜನಪದ ಭಕ್ತಿಯ ಬಗೆಗೆ ಕೊಡುವ ತರಬೇತಿಯೂ ಇದೇ ಜಾಡಿನದು. ಸೆಬುವಿನ ಬಾಲ ಏಸು ‘ಸಾಂತೊ ನಿನ್ಯೊ’, ಜನವರಿ 9ರಂದು ಲಕ್ಷಾಂತರ ಜನ ಬರಿಗಾಲಲ್ಲಿ ಸೇರುವ ಮನಿಲಾದ ಕಿಯಾಪೊ ಚರ್ಚ್‌ನ ‘ಕರಿ ನಜರೇನ’ ಎಂಬ ಏಸುವಿನ ಪ್ರತಿಮೆ, ಡಿಸೆಂಬರ್ 16ರಿಂದ ಒಂಬತ್ತು ದಿನ ನಸುಕಿನ ಪೂಜೆ, ಪವಿತ್ರ ವಾರದಲ್ಲಿ ಹಗಲುರಾತ್ರಿ ನಡೆಯುವ ಯಾತನಾ ಕಾವ್ಯದ ವಾಚನ ಇವೆಲ್ಲ ಮಕ್ಕಳು ಶಾಲೆಗೆ ಬರುವ ಮುಂಚೆಯೇ ಕಂಡು ಬೆಳೆದವು. ಇವನ್ನು ಮೂಢನಂಬಿಕೆ ಎಂದು ತಳ್ಳಿದರೆ ಮಗು ಮನೆಗೂ ತರಗತಿಗೂ ಎರಡು ಮುಖ ಇಟ್ಟುಕೊಳ್ಳುವುದನ್ನು ಕಲಿಯುತ್ತದೆ. ಹಾಗೆಂದು ಪ್ರತಿಮೆಗೆ ಮುಟ್ಟಿಸಿದ ಕರವಸ್ತ್ರದಲ್ಲೇ ಮಹಿಮೆ ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಮೇ ತಿಂಗಳಲ್ಲಿ ಮರಿಯಳಿಗೆ ಹೂ ಅರ್ಪಿಸುವ ‘ಫ್ಲೋರೆಸ್ ದೆ ಮಾಯೊ’ ಈ ಸಮಸ್ಯೆಗೆ ಹಳಬರೇ ಕಂಡುಕೊಂಡ ಜಾಣ ಉಪಾಯ. ಹೂ ತಂದ ಮಕ್ಕಳನ್ನು ಚರ್ಚ್‌ನಲ್ಲೇ ಕೂರಿಸಿ ಪಾಠ ಹೇಳಿ, ತಿಂಡಿ ಕೊಟ್ಟು ಕಳಿಸುತ್ತಾರೆ.

ಉಪದೇಶಿಗಳ ತರಬೇತಿ ಧರ್ಮಪ್ರಾಂತ್ಯದಿಂದ ಧರ್ಮಪ್ರಾಂತ್ಯಕ್ಕೆ ಬೇರೆ. ಸಾಮಾನ್ಯ ರೂಪವೆಂದರೆ ಬೇಸಿಗೆ ಶಿಬಿರ, ಶನಿವಾರಗಳ ತರಗತಿ, ತಿಂಗಳಿಗೊಂದು ಧ್ಯಾನಕೂಟ. ಬೈಬಲ್, ಸಿದ್ಧಾಂತ, ನೀತಿಶಾಸ್ತ್ರ, ಆರಾಧನೆ, ಮಕ್ಕಳ ಮನಶ್ಶಾಸ್ತ್ರ, ಬೋಧನಾ ಕ್ರಮ ಇವನ್ನು ಹಂತಹಂತವಾಗಿ, ಕೆಲವು ಬೇಸಿಗೆಗಳಿಗೆ ಹಂಚಿ ಕಲಿಸುತ್ತಾರೆ. ಸೆಪ್ಟೆಂಬರ್ ತಿಂಗಳು ದೇಶಕ್ಕೇ ಧರ್ಮೋಪದೇಶ ಮಾಸ. ಹಲವು ಧರ್ಮಕೇಂದ್ರಗಳಲ್ಲಿ ಉಪದೇಶಿಗಳನ್ನು ಪೀಠದ ಮುಂದೆ ನಿಲ್ಲಿಸಿ ಸೇವೆಗೆ ಕಳಿಸುವ ವಿಧಿ ಆಗಲೇ. ರೋಮ್‌ನ 1997ರ ಧರ್ಮೋಪದೇಶ ಮಾರ್ಗಸೂಚಿ ತರಬೇತಿಗೆ ಮೂರು ಮುಖಗಳನ್ನು ಹೇಳಿತ್ತು: ಉಪದೇಶಿ ಎಂಥ ವ್ಯಕ್ತಿ, ಏನು ಬಲ್ಲಳು, ಏನು ಮಾಡಬಲ್ಲಳು. 2020ರ ಮಾರ್ಗಸೂಚಿ ಇತರರೊಡನೆ ಹೇಗೆ ಬಾಳುತ್ತಾಳೆ ಎಂಬುದನ್ನೂ ಸೇರಿಸಿತು. ಬಿಡುವಿಲ್ಲದ ಸ್ವಯಂಸೇವಕಿಗೆ ಶಿಬಿರಗಳಲ್ಲಿ ಸಿಗುವುದು ಹೆಚ್ಚಾಗಿ ಮೂರನೆಯದು: ಹಾಡು, ಆಟ, ಹಾಳೆ. ಎರಡನೆಯದಕ್ಕೆ ಓದಿನ ಸಮಯ ಬೇಕು, ಕೊರತೆ ಎದ್ದು ಕಾಣುವುದು ಅಲ್ಲೇ. ಹತ್ತು ವರ್ಷದ ಹುಡುಗ ಡೈನೋಸಾರ್‌ಗಳನ್ನು ದೇವರು ಯಾವಾಗ ಸೃಷ್ಟಿಸಿದ ಎಂದು ಕೇಳಿದರೆ ಹಾಡಿನಿಂದ ಉತ್ತರ ಕೊಡಲಾಗದು.

ಪೂರ್ಣಾವಧಿ ತರಬೇತಿಗೂ ಜಾಗಗಳಿವೆ. ಕ್ವೆಜಾನ್ ಸಿಟಿಯ ನೊವಾಲಿಚೆಸ್‌ನಲ್ಲಿ ನೊತ್ರ್ ದಾಮ್ ದ ವಿ ಸಂಸ್ಥೆಯವರು ನಡೆಸುವ ‘ಮದರ್ ಆಫ್ ಲೈಫ್’ ಕೇಂದ್ರಕ್ಕೆ ದೂರದ ಪ್ರಾಂತಗಳಿಂದ ಯುವತಿಯರು ಬಂದು, ಅಲ್ಲೇ ಉಳಿದು, ಓದು ಮತ್ತು ಮೌನ ಪ್ರಾರ್ಥನೆ ಎರಡನ್ನೂ ದಿನಚರಿಯಾಗಿ ಮಾಡಿಕೊಂಡು ಕಲಿಯುತ್ತಾರೆ. 1611ರಲ್ಲಿ ಡೊಮಿನಿಕನ್ನರು ಸ್ಥಾಪಿಸಿದ ಸಾಂತೊ ತೊಮಾಸ್ ವಿಶ್ವವಿದ್ಯಾಲಯ, ಮನಿಲಾದ ದೆ ಲಾ ಸಾಲ್ ವಿಶ್ವವಿದ್ಯಾಲಯ ಮುಂತಾದವುಗಳಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೂ ಅವಕಾಶವಿದೆ. ಅಲ್ಲಿ ಓದುವವರಲ್ಲಿ ಶಾಲಾ ಧರ್ಮಶಿಕ್ಷಕರು, ಸಂಯೋಜಕರು, ಧರ್ಮಭಗಿನಿಯರೇ ಹೆಚ್ಚು.

ಶಾಲಾ ಧರ್ಮಶಿಕ್ಷಕರ ದಾರಿ ಕಾನೂನಿನ ಮೂಲಕ ಹಾಯ್ದು ಹೋಗುತ್ತದೆ. 1994ರ 7836ನೇ ಗಣರಾಜ್ಯ ಕಾಯಿದೆಯಂತೆ ಶಾಲೆಯಲ್ಲಿ ಕಲಿಸುವವರು ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿರಬೇಕು. ಆ ಪರೀಕ್ಷೆಯ ವಿಶೇಷ ವಿಷಯಗಳಲ್ಲಿ ಧರ್ಮ ಎಂಬುದಿಲ್ಲ, ಮೌಲ್ಯ ಶಿಕ್ಷಣ ಇದೆ. ಹೀಗಾಗಿ ಧರ್ಮಶಿಕ್ಷಕರಾಗಬೇಕೆಂದವರು ಮೌಲ್ಯ ಶಿಕ್ಷಣದ ಬಾಗಿಲಿನಿಂದ ಒಳಬರುವುದುಂಟು. ಪರವಾನಗಿ ಕೈಗೆ ಬಂದ ಮೇಲೆ ಇನ್ನೊಂದು ಸೆಳೆತ. ಸರ್ಕಾರಿ ಶಾಲೆಯ ಸಂಬಳ ಸಣ್ಣ ಕಥೋಲಿಕ ಶಾಲೆಗಳಿಗಿಂತ ಚೆನ್ನಾಗಿದೆ. 2020ರ 11476ನೇ ಕಾಯಿದೆ ಸರ್ಕಾರಿ ಶಾಲೆಗಳಲ್ಲಿ ಸದ್ವರ್ತನೆ ಮತ್ತು ಮೌಲ್ಯ ಶಿಕ್ಷಣವನ್ನು ಕಡ್ಡಾಯ ವಿಷಯ ಮಾಡಿದ್ದರಿಂದ ಅಲ್ಲಿ ಅಂಥವರಿಗೆ ಜಾಗವೂ ಇದೆ. ಕಥೋಲಿಕ ಶಾಲೆ ವರ್ಷಗಟ್ಟಲೆ ತಿದ್ದಿ ತೀಡಿದ ಶಿಕ್ಷಕ ಸರ್ಕಾರಿ ಹುದ್ದೆ ಸಿಕ್ಕಿ ಹೊರಟುಹೋಗುತ್ತಾನೆ. ಅವನ ಅವಧಿಗಳು ಇತಿಹಾಸದ್ದೋ ಇಂಗ್ಲಿಷಿನದೋ ಶಿಕ್ಷಕಿಯ ಪಾಲಿಗೆ ಬೀಳುತ್ತವೆ. ವಿಚಿತ್ರವೆಂದರೆ, ಅವನು ಸೇರಿದ ಶಾಲೆಗೆ ಧರ್ಮಪಾಠ ಹೇಳಲು ಬರುವವಳು ಸಂಬಳವಿಲ್ಲದ ಉಪದೇಶಿ. ಅಲ್ಲಿ ಅವನು ಮೌಲ್ಯ ಕಲಿಸಬಹುದು, ತನ್ನ ಧರ್ಮವನ್ನು ಕಲಿಸುವಂತಿಲ್ಲ.

ಮಿಂದನಾವ್‌ನಲ್ಲಿ ತರಬೇತಿಗೆ ಬೇರೊಂದು ಆಯಾಮ. ಒಂದೇ ತರಗತಿಯಲ್ಲಿ ಮುಸ್ಲಿಂ ಮತ್ತು ಕ್ರೈಸ್ತ ಮಕ್ಕಳು ಕೂತಿರುವ ಊರುಗಳವು. ಪಾದ್ರಿ ಸೆಬಾಸ್ತಿಯಾನೊ ದಾಂಬ್ರಾ 1984ರಲ್ಲಿ ಜಂಬೊವಾಂಗದಲ್ಲಿ ಆರಂಭಿಸಿದ ‘ಸಿಲ್ಸಿಲಾ’ ಸಂವಾದ ಚಳವಳಿಯ ಬೇಸಿಗೆ ಶಿಬಿರಗಳಲ್ಲಿ ಎರಡೂ ಧರ್ಮದವರು ಕೂಡಿ ಕುಳಿತು ಒಬ್ಬರ ನಂಬಿಕೆಯನ್ನು ಇನ್ನೊಬ್ಬರ ಬಾಯಿಂದಲೇ ಕೇಳುತ್ತಾರೆ. ನೆರೆಮನೆಯವನ ಹಬ್ಬವನ್ನು ಹೀಯಾಳಿಸದೆ ತನ್ನ ಹಬ್ಬವನ್ನು ವಿವರಿಸುವುದು ಅಲ್ಲಿ ಬೋಧನಾ ಕೌಶಲದ ಮಾತಷ್ಟೇ ಅಲ್ಲ, ಊರಿನ ನೆಮ್ಮದಿಯ ಮಾತು.

2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಆಂತಿಕ್ವುಮ್ ಮಿನಿಸ್ತೇರಿಯುಮ್’ ಪತ್ರ ಉಪದೇಶಿಯ ಕೆಲಸವನ್ನು ಧರ್ಮಸಭೆಯ ವಿಧಿವತ್ತಾದ ಸೇವಾಪದವಿಯಾಗಿ ಸ್ಥಾಪಿಸಿತು. ಅದೇ ವರ್ಷ ಫಿಲಿಪ್ಪೀನ್ಸ್ ಕ್ರೈಸ್ತ ಧರ್ಮ ಬಂದ ಐನೂರನೇ ವರ್ಷವನ್ನು ಆಚರಿಸುತ್ತಿತ್ತು. ಕೊರೊನಾದಿಂದ ಶಾಲೆಗಳೂ ಮುಚ್ಚಿದ್ದವು; ಫೋನಿನ ಪುಟ್ಟ ಪರದೆಯಲ್ಲಿ ಪಾಠ ಮಾಡಲು ವಯಸ್ಸಾದ ಉಪದೇಶಿಗಳು ತಿಣುಕುತ್ತಿದ್ದರು. ಬೈಬಲ್, ದೇವಶಾಸ್ತ್ರ, ಬೋಧನಾ ಕ್ರಮಗಳಲ್ಲಿ ತಕ್ಕ ತರಬೇತಿ ಪಡೆದವರಿಗೇ ಈ ಪದವಿ ಸಲ್ಲಬೇಕು, ಅದರ ವಿವರವನ್ನು ಆಯಾ ದೇಶದ ಬಿಷಪರ ಮಂಡಳಿ ಗೊತ್ತುಮಾಡಬೇಕು ಎನ್ನುತ್ತದೆ ಪತ್ರ. ಗೌರವ ಹೆಚ್ಚಿತು, ನಿಜ. ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಹಳೆಯ ಕಡತದಲ್ಲೇ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೇ ವಿಧಿ, ಚರ್ಚ್‌ನ ವಿಶೇಷ ಸೇವೆಗೆ ನಿಂತ ಶ್ರೀಸಾಮಾನ್ಯರು ತಕ್ಕ ತರಬೇತಿ ಪಡೆಯಲೇಬೇಕು ಎಂದು ಒಂದು ಸಾಲಿನಲ್ಲಿ ಹೇಳಿ, ಅವರಿಗೆ ತಕ್ಕ ಸಂಭಾವನೆ ಪಡೆಯುವ ಹಕ್ಕಿದೆ ಎಂದು ಮುಂದಿನ ಸಾಲಿನಲ್ಲೇ ಹೇಳುತ್ತದೆ. ಧರ್ಮಕೇಂದ್ರಗಳು ಮೊದಲ ಸಾಲನ್ನು ನೆನಪಿಟ್ಟಷ್ಟು ಎರಡನೆಯದನ್ನು ನೆನಪಿಡುವುದಿಲ್ಲ.

ಕೆಲಸ ಹುಡುಕಿಕೊಂಡು ದೇಶ ಬಿಟ್ಟ ಫಿಲಿಪ್ಪೀನೊ ಜನರ ಜತೆ ಉಪದೇಶಿಗಳೂ ಹೊರಗೆ ಹೋಗಿದ್ದಾರೆ. ದುಬೈ, ಕುವೈತ್, ಬಹರೈನ್, ದೋಹಾಗಳ ಚರ್ಚ್‌ಗಳಲ್ಲಿ ಫಿಲಿಪ್ಪೀನೊ ಮತ್ತು ಭಾರತೀಯ ಕಥೋಲಿಕರೇ ಹೆಚ್ಚು. ವಾರದ ರಜೆಯ ದಿನ ಚರ್ಚ್ ಆವರಣದ ಕೋಣೆಗಳಲ್ಲಿ ನಡೆಯುವ ಇಂಗ್ಲಿಷ್ ಧರ್ಮಪಾಠಕ್ಕೆ ಮನಿಲಾ, ಸೆಬು ಕಡೆಯ ನರ್ಸ್‌ಗಳೂ ಮಂಗಳೂರು, ಗೋವಾ, ಕೇರಳ ಕಡೆಯ ಗುಮಾಸ್ತರೂ ಶಿಕ್ಷಕಿಯರೂ ಕೂಡಿ ನಿಲ್ಲುತ್ತಾರೆ. ಇವರಿಗೂ ಸಂಬಳವಿಲ್ಲ, ತರಬೇತಿ ಪಾಳಿ ಕೆಲಸದ ನಡುವೆ ಸಿಕ್ಕ ಸಂಜೆಗಳಲ್ಲಿ. ಅಲ್ಲಿನ ತರಗತಿಯಲ್ಲಿ ಊರಹಬ್ಬದ ಊಟದ ಪ್ರಶ್ನೆ ಕೇಳಿದರೆ ಅರ್ಧ ಮಕ್ಕಳು ರಜೆಗೆ ಹೋದಾಗ ಕಂಡದ್ದನ್ನು ಹೇಳುತ್ತಾರೆ, ಉಳಿದವರು ಫೋನಿನಲ್ಲಿ ನೋಡಿದ್ದನ್ನು.